ಪಿತ್ತರಸದ ಮೊದಲ ಹನಿ



2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಒಂದು ಪೆಟ್ಟಿಗೆ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ಹೋಯಿತು. ಜೊತೆಗೆ ವೈದ್ಯಕೀಯ ತಂಡವೂ ಇತ್ತು. ಆ ಪೆಟ್ಟಿಗೆಯಲ್ಲಿದ್ದದ್ದು ದಾನಿಯೊಬ್ಬರ ಲಿವರ್, ಅಂದರೆ ಯಕೃತ್ತು. ರಸ್ತೆಯಲ್ಲಿ ಹೋಗುವುದಾದರೆ ಝೀರೋ ಟ್ರಾಫಿಕ್ ಮಾಡಿಸಬೇಕು. ಆಂಬುಲೆನ್ಸ್ ಹೋಗಲೆಂದು ಗಾಡಿ ಪಕ್ಕಕ್ಕೆ ಹಾಕಿ ನಿಂತದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೃದಯವೊಂದು ವಿಮಾನದಲ್ಲಿ ಚೆನ್ನೈಗೆ ಹೋದಾಗಲೂ ಎರಡೂ ಊರಿನ ಪೊಲೀಸರು ಹೀಗೇ ದಾರಿ ಬಿಡಿಸಿಕೊಟ್ಟಿದ್ದರು.

ಇಷ್ಟೊಂದು ಅವಸರ ಏಕೆಂದರೆ, ದೇಹದಿಂದ ಹೊರಗೆ ಬಂದ ಅಂಗಕ್ಕೆ ಉಳಿಯುವುದು ಎಣಿಸಿಟ್ಟಷ್ಟು ಗಂಟೆ ಮಾತ್ರ. ಐಸ್ ಪೆಟ್ಟಿಗೆಯಲ್ಲಿ ಹೃದಯ 4ರಿಂದ 6 ಗಂಟೆ ತಾಳುತ್ತದೆ. ಶ್ವಾಸಕೋಶ ಅದಕ್ಕಿಂತ ತುಸು ಹೆಚ್ಚು, ಯಕೃತ್ತು ಸುಮಾರು 12 ಗಂಟೆ. ಕಿಡ್ನಿಯದು ಗಟ್ಟಿ ಜೀವ, ಒಂದು ದಿನ, ಕೆಲವೊಮ್ಮೆ ಒಂದೂವರೆ ದಿನ ತಡೆಯುತ್ತದೆ.

ತಣ್ಣಗೆ ಇಡುವುದರ ಹಿಂದಿನ ವಿಚಾರ ಸರಳ. ಕರಾವಳಿಯಲ್ಲಿ ಮಲ್ಲಿಗೆ ಚೆಂಡನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ದೂರದೂರಿಗೆ ಕಳಿಸುತ್ತಾರಲ್ಲ, ಬಾಡುವುದು ನಿಧಾನವಾಗಲಿ ಎಂದು, ಇದೂ ಹಾಗೆಯೇ. 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿದರೆ ಜೀವಕೋಶಗಳ ಕೆಲಸ ಹತ್ತನೇ ಒಂದು ಭಾಗಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಆದರೆ ಪೂರ್ತಿ ನಿಲ್ಲುವುದಿಲ್ಲ. ರಕ್ತ ಬರುತ್ತಿಲ್ಲ, ಆಮ್ಲಜನಕ ಇಲ್ಲ, ಕೂಡಿಟ್ಟ ಶಕ್ತಿ ಮಾತ್ರ ಒಂದೇ ಸಮನೆ ಕರಗುತ್ತಿರುತ್ತದೆ. ಜೀವಕೋಶ ತನ್ನೊಳಗಿನ ಸೋಡಿಯಂ ಅನ್ನು ಹೊರಹಾಕಲಾಗದೆ ಊದಿಕೊಳ್ಳುತ್ತದೆ. ಅರ್ಧಂಬರ್ಧ ಉರಿದ ಇಂಧನದ ತ್ಯಾಜ್ಯ ಒಳಗೇ ಜಮೆಯಾಗುತ್ತದೆ. ಕಸಿ ಮಾಡಿ ಹೊಸ ದೇಹದ ಬಿಸಿರಕ್ತ ಬಿಟ್ಟ ಕ್ಷಣ ಆಮ್ಲಜನಕ ಒಮ್ಮೆಲೇ ನುಗ್ಗಿ, ಹಾಗೆ ಕೂಡಿದ್ದೆಲ್ಲ ಹೊತ್ತಿಕೊಂಡಂತಾಗುತ್ತದೆ. ಹಲವು ದಿನ ಉಪವಾಸವಿದ್ದವರಿಗೆ ಏಕಾಏಕಿ ಹಬ್ಬದೂಟ ಬಡಿಸಿದರೆ ಮೈಗೆ ಒಗ್ಗದಿರುವಂತೆ, ಎದುರುನೋಡುತ್ತಿದ್ದ ರಕ್ತವೇ ಅಂಗಕ್ಕೆ ಪೆಟ್ಟು ಕೊಡುತ್ತದೆ. ಕಸಿ ವೈದ್ಯರಿಗೆ ಇದರ ಭಯ ದೊಡ್ಡದು.

ಹಾಗಾದರೆ ಅಂಗವನ್ನು ಉಪವಾಸ ಕೆಡವದೆ ಇಡಬಹುದೇ? ಇದು ಹಳೆಯ ಪ್ರಶ್ನೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ಹೆಸರು ಕೇಳಿದ್ದೀರಿ. ಹೃದಯದ ಕಾಯಿಲೆಯಿಂದ ನರಳುತ್ತಿದ್ದ ಹೆಂಡತಿಯ ಅಕ್ಕನ ಸ್ಥಿತಿ ಕಂಡು, ಹೃದಯವನ್ನು ಹೊರಗಿಟ್ಟು ಏಕೆ ರಿಪೇರಿ ಮಾಡಬಾರದು ಎಂದು ಆತ ಕೇಳಿದ. ಆ ಪ್ರಶ್ನೆ ಅವನನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ, ನೊಬೆಲ್ ಪಡೆದ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್ ಬಳಿಗೆ ಕರೆದೊಯ್ಯಿತು. ಇಬ್ಬರೂ ಸೇರಿ 1935ರಲ್ಲಿ ಗಾಜಿನ ಪಂಪೊಂದರಲ್ಲಿ ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದಿನಗಟ್ಟಲೆ ಜೀವಂತ ಇಟ್ಟರು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೋಕರ್ಟ್ ಬೆಲ್ಜರ್, ದ್ರವ ಹರಿಸುವ ಯಂತ್ರದಲ್ಲಿ 17 ಗಂಟೆ ಇಟ್ಟ ಕಿಡ್ನಿಯನ್ನು ಮನುಷ್ಯನಿಗೆ ಕಸಿ ಮಾಡಿ ಗೆದ್ದರು.

ಆಮೇಲೆ ಯಂತ್ರ ಹಿಂದೆ ಬಿತ್ತು. 1969ರಲ್ಲಿ, ಐಸಿನಲ್ಲಿಟ್ಟ ಅಂಗ ಬೇಗ ಕೆಡದಂತೆ ತಡೆಯುವ ಕಾಲಿನ್ಸ್ ದ್ರಾವಣ ಬಂತು, 1980ರ ದಶಕದಲ್ಲಿ ಅದೇ ಬೆಲ್ಜರ್ ಮತ್ತು ಸಂಗಡಿಗರು ವಿಸ್ಕಾನ್ಸಿನ್‌ನಲ್ಲಿ ಅದಕ್ಕಿಂತ ಒಳ್ಳೆಯ ದ್ರಾವಣ ಮಾಡಿಕೊಟ್ಟರು. ದ್ರಾವಣ ತುಂಬಿಸಿ, ಐಸಿನಲ್ಲಿಟ್ಟು, ಎತ್ತಿಕೊಂಡು ಓಡಬಹುದು. ಅಗ್ಗ, ಸಲೀಸು. ಆರೋಗ್ಯವಂತ ತರುಣರೇ ಹೆಚ್ಚಾಗಿ ದಾನಿಗಳಾಗಿದ್ದಾಗ ಅಷ್ಟು ಸಾಕಾಗುತ್ತಿತ್ತು. ದಾನಿಗಳ ವಯಸ್ಸು ಏರಿದಂತೆ, ಕೊಬ್ಬು ತುಂಬಿದ ಯಕೃತ್ತುಗಳೂ ಹೃದಯ ನಿಂತ ಮೇಲೆ ತೆಗೆದ ಅಂಗಗಳೂ ಬಳಕೆಗೆ ಬಂದಂತೆ, ಐಸ್ ಸೋಲತೊಡಗಿತು.

ಯಂತ್ರದ ವಿಧಾನಗಳು ಹಲವು. ಕಿಡ್ನಿಗೆ ತಣ್ಣನೆಯ ದ್ರಾವಣವನ್ನೇ ನಾಡಿಯ ಮಿಡಿತದಂತೆ ಹರಿಸಿದರೂ ಲಾಭವುಂಟು. ಯುರೋಪಿನಲ್ಲಿ 336 ದಾನಿಗಳ ಒಂದು ಕಿಡ್ನಿಯನ್ನು ಯಂತ್ರದಲ್ಲೂ ಇನ್ನೊಂದನ್ನು ಐಸಿನಲ್ಲೂ ಇಟ್ಟು ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಯಂತ್ರದ ಕಿಡ್ನಿ ಪಡೆದವರಲ್ಲಿ ಕಸಿಯಾದ ಮೇಲೂ ಡಯಾಲಿಸಿಸ್ ಬೇಕಾದವರು ಕಡಿಮೆ. ಶ್ವಾಸಕೋಶಕ್ಕೆ ಸ್ವೀಡನ್ನಿನ ಲುಂಡ್ ಮತ್ತು ಕೆನಡಾದ ಟೊರಾಂಟೊ ದಾರಿ ತೋರಿಸಿದವು. ನಿಂತ ಹೃದಯವನ್ನು ಯಂತ್ರದಲ್ಲಿ ಮತ್ತೆ ಮಿಡಿಸಿ ಕಸಿ ಮಾಡಿದ್ದು 2014ರಲ್ಲಿ ಸಿಡ್ನಿಯಲ್ಲಿ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕೆನಿಸುವುದು ಯಕೃತ್ತಿನ ಬಗ್ಗೆ. ಆಕ್ಸ್‌ಫರ್ಡ್‌ನ ಶಸ್ತ್ರವೈದ್ಯ ಪೀಟರ್ ಫ್ರೆಂಡ್ ಮತ್ತು ಎಂಜಿನಿಯರ್ ಕಾನ್‌ಸ್ಟಂಟಿನ್ ಕೂಸಿಯೋಸ್ ಕಟ್ಟಿದ ಯಂತ್ರದಲ್ಲಿ ಅಂಗ ತಣ್ಣಗಿರುವುದಿಲ್ಲ, ಮೈಬಿಸಿಯಲ್ಲಿರುತ್ತದೆ, 37 ಡಿಗ್ರಿ. 2013ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಇದರಲ್ಲಿಟ್ಟ ಯಕೃತ್ತನ್ನು ರೋಗಿಗೆ ಕಸಿ ಮಾಡಿದರು.

ಹತ್ತಿರ ನಿಂತು ನೋಡಿದರೆ ಹೀಗಿರುತ್ತದೆ. ಮೊದಲಿಗೆ ಯಕೃತ್ತು ರಕ್ತವೆಲ್ಲ ತೊಳೆದುಹೋಗಿ ಜೇಡಿಮಣ್ಣಿನ ಬಣ್ಣದಲ್ಲಿ ಸಪ್ಪೆಯಾಗಿ ಬಿದ್ದಿರುತ್ತದೆ. ಅದಕ್ಕೆ ರಕ್ತ ಬರುವ ದಾರಿ ಎರಡು, ಒಂದು ಅಪಧಮನಿ, ಇನ್ನೊಂದು ಕರುಳಿನ ಕಡೆಯಿಂದ ಬರುವ ದೊಡ್ಡ ರಕ್ತನಾಳ. ಎರಡಕ್ಕೂ ಕೊಳವೆ ಜೋಡಿಸಿ, ರಕ್ತನಿಧಿಯಿಂದ ತಂದ ಕೆಂಪು ರಕ್ತಕಣಗಳನ್ನು ಆಮ್ಲಜನಕ ತುಂಬಿ ಹರಿಸುತ್ತಾರೆ. ಜೊತೆಗೆ ಪೋಷಕಾಂಶ, ಇನ್ಸುಲಿನ್, ರಕ್ತ ಹೆಪ್ಪುಗಟ್ಟದ ಔಷಧ. ಸ್ವಲ್ಪ ಹೊತ್ತಿಗೆ ಅಂಚುಗಳು ಕೆಂಪೇರುತ್ತವೆ, ಆಮೇಲೆ ಇಡೀ ಅಂಗ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಪಿತ್ತನಾಳಕ್ಕೆ ಕಟ್ಟಿದ ಸಣ್ಣ ಕೊಳವೆಯಲ್ಲಿ ಹೊನ್ನಗಂದು ಬಣ್ಣದ ಹನಿಯೊಂದು ಇಳಿಯುತ್ತದೆ. ಅದು ಪಿತ್ತರಸ. ಯಾರ ದೇಹದಲ್ಲೂ ಇಲ್ಲದ ಯಕೃತ್ತು ತನ್ನ ಕಸುಬಿಗೆ ಕೂತಿದೆ ಎಂದರ್ಥ.

ಯಂತ್ರ ಸಮಯ ಉಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ನನ್ನ ಮನಸ್ಸಿಗೆ ಹೆಚ್ಚು ತೂಕದ್ದಾಗಿ ಕಾಣುವುದು ಈ ಹನಿ. ಐಸಿನಲ್ಲಿರುವ ಅಂಗ ಏನನ್ನೂ ಹೇಳುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದು ರೋಗಿಯ ಹೊಟ್ಟೆಯೊಳಗೆ ಕೂರಿಸಿದ ಮೇಲೆ. ಆದ್ದರಿಂದ ಅನುಮಾನ ಬಂದ ಅಂಗವನ್ನು ವೈದ್ಯರು ಬೇಡವೆನ್ನುತ್ತಾರೆ, ಅವರನ್ನು ದೂರುವಂತಿಲ್ಲ. ಯಂತ್ರದ ಮೇಲಿರುವ ಯಕೃತ್ತು ಲ್ಯಾಕ್ಟೇಟ್ ಎಂಬ ಆಮ್ಲವನ್ನು ಕರಗಿಸುತ್ತಿದೆಯೇ, ಸಕ್ಕರೆ ಬಳಸುತ್ತಿದೆಯೇ ಎಂದು ಕೆಲವೇ ಗಂಟೆಗಳಲ್ಲಿ ಅಳೆದು ನೋಡಬಹುದು.

ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಇದನ್ನೇ ಮಾಡಿದರು. ಬ್ರಿಟನ್ನಿನ ಎಲ್ಲ ಕೇಂದ್ರಗಳೂ ತಿರಸ್ಕರಿಸಿದ್ದ 31 ಯಕೃತ್ತುಗಳನ್ನು ಯಂತ್ರಕ್ಕೆ ಹಾಕಿದರು. 22 ಪರೀಕ್ಷೆಯಲ್ಲಿ ಪಾಸಾದವು, 22 ಮಂದಿಗೆ ಕಸಿಯಾಯಿತು. 90 ದಿನಗಳ ನಂತರ ಆ 22 ಮಂದಿಯೂ ಬದುಕಿದ್ದರು. ಮುಂದೆ ಅವರಲ್ಲಿ 4 ಮಂದಿಗೆ ಪಿತ್ತನಾಳ ಕಿರಿದಾಗಿ ಇನ್ನೊಮ್ಮೆ ಕಸಿ ಮಾಡಬೇಕಾಯಿತು, ಅದನ್ನೂ ಹೇಳಬೇಕು. ತಣ್ಣನೆಯ ದ್ರಾವಣಕ್ಕೆ ಆಮ್ಲಜನಕ ಸೇರಿಸಿ ಹರಿಸುವ ವಿಧಾನ ಪಿತ್ತನಾಳದ ಈ ತೊಂದರೆಯನ್ನು ಬರೀ ಐಸಿಗಿಂತ ಚೆನ್ನಾಗಿ ತಡೆಯುತ್ತದೆಂದು ನೆದರ್‌ಲೆಂಡ್ಸ್‌ನ ವೈದ್ಯರ ಪ್ರಯೋಗ 2021ರಲ್ಲಿ ತೋರಿಸಿತು. ಆದರೂ ಎಸೆಯಬೇಕಿದ್ದ 31ರಲ್ಲಿ 22! ಒಂದೊಂದರ ಹಿಂದೆಯೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು, ಕಣ್ಣೀರು ಒರೆಸಿಕೊಂಡು, ಆಯಿತು ಎಂದು ಸಹಿ ಹಾಕಿದ ಒಂದು ಮನೆಯಿದೆ.

ನಮ್ಮಲ್ಲಿ ಮರಣಾನಂತರದ ಅಂಗದಾನ ಹತ್ತು ಲಕ್ಷ ಜನಕ್ಕೆ ಒಬ್ಬರಷ್ಟೂ ಇಲ್ಲ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಹಂಚಿಕೆಯ ಕೆಲಸ ಮಾಡುತ್ತದೆ. ಕಲಬುರಗಿಯಲ್ಲಿ ದಾನಿ, ಬೆಂಗಳೂರಿನಲ್ಲಿ ರೋಗಿ ಎಂದರೆ ನಡುವೆ 550 ಕಿಲೋಮೀಟರಿಗೂ ಮಿಕ್ಕ ರಸ್ತೆ. ಇಂಥ ಕಡೆ ಯಂತ್ರ ಬಹಳ ಬೇಕು. ಅಡ್ಡಿ ದುಡ್ಡಿನದು. ಒಂದು ಅಂಗಕ್ಕೆ ಬಳಸಿದ ಕೊಳವೆ, ಸಂಚಿಗಳ ಜೋಡಣೆ ಇನ್ನೊಂದಕ್ಕೆ ಬರುವುದಿಲ್ಲ, ಅದರ ಬೆಲೆಯೇ ಲಕ್ಷಗಳಲ್ಲಿ. ಸರ್ಕಾರಿ ಆಸ್ಪತ್ರೆಯ ರೋಗಿಗೂ ಇದು ಸಿಗಬೇಕಾದರೆ ವೆಚ್ಚವನ್ನು ವಿಮಾ ಯೋಜನೆಗಳಲ್ಲಿ ಸೇರಿಸಬೇಕು, ಯಂತ್ರವನ್ನು ಇಲ್ಲಿಯೇ ತಯಾರಿಸುವ ಪ್ರಯತ್ನವೂ ಆಗಬೇಕು.

ಕೊನೆಗೆ ಜ್ಯೂರಿಕ್‌ನ ಒಂದು ಸಂಗತಿ. ಅಲ್ಲಿ ದಾನವಾಗಿ ಬಂದ ಯಕೃತ್ತೊಂದರಲ್ಲಿ ಗೆಡ್ಡೆಯಿತ್ತು. ಅದು ಕ್ಯಾನ್ಸರೋ ಅಲ್ಲವೋ ತಿಳಿಯದು, ಪರೀಕ್ಷೆ ಮುಗಿಯುವವರೆಗೆ ಐಸ್ ಕಾಯುವುದಿಲ್ಲ, ಹಾಗಾಗಿ ಉಳಿದ ಕೇಂದ್ರಗಳು ಬಿಟ್ಟುಬಿಟ್ಟಿದ್ದವು. ಪಿಯರ್-ಅಲೆನ್ ಕ್ಲಾವಿಯೆನ್ ಅವರ ತಂಡ ಅದನ್ನು ತಮ್ಮ ಯಂತ್ರದಲ್ಲಿ 3 ದಿನ ಇಟ್ಟುಕೊಂಡಿತು. ಗೆಡ್ಡೆಯ ಚೂರು ಪ್ರಯೋಗಾಲಯಕ್ಕೆ ಹೋಯಿತು, ವರದಿ ಬಂತು, ಅಪಾಯವಿಲ್ಲದ ಗೆಡ್ಡೆ. 2021ರ ಮೇ ತಿಂಗಳಲ್ಲಿ ಆ ಯಕೃತ್ತನ್ನು ಕ್ಯಾನ್ಸರ್ ರೋಗಿಯೊಬ್ಬರಿಗೆ ಕಸಿ ಮಾಡಿದರು. ಒಂದು ವರ್ಷದ ಬಳಿಕ ನೋಡಿದಾಗ ಅವರು ಆರೋಗ್ಯವಾಗಿದ್ದರು.