ರೀವೈಂಡಿಂಗ್ ಆದ ಮೋಟಾರು ಮತ್ತೆ ಸುಡುವುದೇಕೆ?



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಪ್ಪುನೇರಳೆಗೆ ಕೊಳವೆ ಬಾವಿಯೇ ಆಧಾರ. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಬೇಡುವಾಗ, ಮೊನ್ನೆ ರಿಪೇರಿಯಾಗಿ ಇಳಿದ ಮೋಟಾರು ಮತ್ತೆ ಸುಟ್ಟರೆ ಬೆಳೆಯೇ ಕೈತಪ್ಪೀತು.

ಮೆಕ್ಯಾನಿಕ್ಕನನ್ನು ದೂರುವ ಮುನ್ನ ಕಾರಣ ಹುಡುಕಿರಿ. ಹೊಸ ತಂತಿ ಸುತ್ತಿದ ಮಾತ್ರಕ್ಕೆ ಹಳೆಯ ದೋಷ ಹೋಗದು. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಉಳಿದೆರಡರಲ್ಲಿ ಕರೆಂಟು ಏರಿ ಸುರುಳಿ ಸುಡುತ್ತದೆ. ಬಾವಿಯಲ್ಲಿ ನೀರಿಳಿದು ಪಂಪು ಒಣಗಿ ಓಡಿದರೆ ಮೋಟಾರನ್ನು ತಂಪಾಗಿಡುವ ಹರಿವು ನಿಲ್ಲುತ್ತದೆ.

ಆದ್ದರಿಂದ, ನೀರು ತುಂಬುವ ಮಾದರಿಯಾದರೆ ಶುದ್ಧ ನೀರು ತುಂಬಿಸಿಯೇ ಇಳಿಸಿರಿ. ಸ್ಟಾರ್ಟರಿನ ರಿಲೇಯನ್ನು ತಪ್ಪಿಸಿ ಓಡಿಸಬೇಡಿರಿ. ಮೊದಲ ದಿನದ ಆಂಪಿಯರನ್ನು ಗೋಡೆಯ ಮೇಲೆ ಬರೆದಿಡಿರಿ. ಮುಳ್ಳು ಏರಿದರೆ ಫೇಸು, ಬೇರಿಂಗು ನೋಡಿಸಿರಿ. ಇಳಿದರೆ ನೀರು ಕಡಿಮೆಯೆಂದು ತಿಳಿದು ಕೂಡಲೇ ನಿಲ್ಲಿಸಿರಿ.