ನಮ್ಮ ತಟ್ಟೆಯೂ ನೆಲದ ನೀರೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಅನ್ನವನ್ನು ದೇವರೆಂದು ಬಗೆದ ಜನ ನಾವು. ಉಣ್ಣುವ ಪದಾರ್ಥ ರುಚಿಯೇ, ಅಗ್ಗವೇ ಎಂದು ವಿಚಾರಿಸುತ್ತೇವೆ. ಅದನ್ನು ಬೆಳೆಯಲು ಎಷ್ಟು ನೀರು ವ್ಯಯವಾಯಿತೆಂದು ವಿಚಾರಿಸುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಾದ ನಮಗಾದರೋ ಈ ವಿಚಾರ ಅತ್ಯವಶ್ಯಕ. 1972ರ ಬರವು ಹಿರಿಯರ ನೆನಪಿನಿಂದ ಇನ್ನೂ ಮಾಸಿಲ್ಲ.

ನಮ್ಮ ಹಿಂಗಾರಿ ಜೋಳವನ್ನೇ ನೋಡಿರಿ. ಮಳೆಗಾಲದ ಕೊನೆಗೆ ಬಿತ್ತಿದ ಈ ಬೆಳೆ ಎರೆಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆಯುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ. ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಕಬ್ಬಿನ ಮಾತು ಬೇರೆ. ಅದು 12ರಿಂದ 18 ತಿಂಗಳು ಹೊಲದಲ್ಲಿ ನಿಂತು ನೀರು ಬೇಡುತ್ತದೆ. ಒಂದು ಕಿಲೋ ಸಕ್ಕರೆಗೆ ಸುಮಾರು 10 ಕಿಲೋ ಕಬ್ಬು ಅರೆಯಬೇಕು. ಮಹಾರಾಷ್ಟ್ರದ ಸಾಗುವಳಿ ಕ್ಷೇತ್ರದಲ್ಲಿ ನೂರಕ್ಕೆ 4ಕ್ಕಿಂತಲೂ ಕಡಿಮೆ ಪಾಲಿನ ಕಬ್ಬು, ನೀರಾವರಿಯ ನೀರಿನಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ಬಳಸುತ್ತಿದೆಯೆಂದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಕಳೆದ ದಶಕದಲ್ಲಿ ಎತ್ತಿ ತೋರಿಸಿತು. ನೀರು ನಿಲ್ಲಿಸಿ ಬೆಳೆಯುವ ಭತ್ತದ್ದು ಇನ್ನೊಂದು ಬಗೆ. ಗಾಳಿಯಾಡದ ಆ ಕೆಸರಿನಿಂದ ಮೀಥೇನ್ ಅನಿಲವೆದ್ದು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ.

ಹತ್ತಿರದಲ್ಲಿ ಬೆಳೆದುದನ್ನು ಕೊಂಡರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. 119 ದೇಶಗಳ ಸುಮಾರು 38,700 ಹೊಲ-ತೋಟಗಳ ಲೆಕ್ಕವನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಆಹಾರದಿಂದುಂಟಾಗುವ ತಾಪಕಾರಕ ಅನಿಲಗಳಲ್ಲಿ ಸಾಗಾಣಿಕೆಯ ಪಾಲು ನೂರಕ್ಕೆ ಸುಮಾರು 6 ಮಾತ್ರ. ಎಲ್ಲಿಂದ ಬಂದಿತು ಎಂಬುದಕ್ಕಿಂತ ಏನನ್ನು, ಹೇಗೆ ಬೆಳೆದರು ಎಂಬುದೇ ಮುಖ್ಯ. ನಮ್ಮೂರಿನ ಸಕ್ಕರೆಯೂ ನಮ್ಮೂರಿನ ಬಾವಿಯ ನೀರನ್ನೇ ಕುಡಿದಿರುತ್ತದೆ!

ಹಾಗೆಂದು ಕಬ್ಬು ಬೆಳೆಯುವ ರೈತನನ್ನು ದೂಷಿಸುವುದು ನ್ಯಾಯವಲ್ಲ. ಕಬ್ಬಿಗೆ ಸರಕಾರ ಗೊತ್ತುಪಡಿಸಿದ ದರವಿದೆ, ಕೊಳ್ಳಲು ಕಾರಖಾನೆಯಿದೆ. ಜೋಳಕ್ಕೆ ಅಂತಹ ಭರವಸೆಯ ಗಿರಾಕಿ ವಿರಳ. ಆ ಗಿರಾಕಿ ನಾವಾಗಬೇಕು. ರೊಟ್ಟಿಯನ್ನು ಬಡವರ ಊಟವೆಂದು ಮಕ್ಕಳು ಹೀಗಳೆಯುವ ಮನೆಯಲ್ಲಿ ಜೋಳದ ಹೊಲ ಬಹುಕಾಲ ಉಳಿಯಲಾರದು.

ತಾಯಂದಿರಲ್ಲಿಯೂ, ಅಷ್ಟೇ ಮುಖ್ಯವಾಗಿ ಸಂತೆಗೆ ಹೋಗುವ ಗಂಡಸರಲ್ಲಿಯೂ, ನನ್ನ ವಿನಂತಿ ಅಲ್ಪವಾದದ್ದು. ದಿನಕ್ಕೊಂದು ಹೊತ್ತಾದರೂ ಜೋಳದ ರೊಟ್ಟಿಯಿರಲಿ. ಜೊತೆಗೆ ನೆಲದ ಸಾರವನ್ನು ಹೆಚ್ಚಿಸುವ ತೊಗರಿ, ಕಡಲೆಗಳಿರಲಿ. ಚಹಕ್ಕೆ ಸಕ್ಕರೆ ಒಂದು ಚಮಚ ಕಡಿಮೆಯಾಗಲಿ. ಎಲ್ಲಕ್ಕಿಂತ ಮಿಗಿಲಾಗಿ, ಬಡಿಸಿದ್ದು ಚೆಲ್ಲದಿರಲಿ. 2022ರಲ್ಲಿ ಜಗತ್ತಿನ ಬಳಕೆದಾರರಿಗೆ ಒದಗಿದ ಆಹಾರದಲ್ಲಿ ನೂರಕ್ಕೆ 19 ಪಾಲು ವ್ಯರ್ಥವಾಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿಯೇ ಎಂದು ವಿಶ್ವಸಂಸ್ಥೆಯ ಅಂದಾಜು.

ಗಡಿಯ ಈಚೆಗಿದ್ದೂ ಹಿರಿಯರ ನುಡಿಯನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರು ನಾವು. ಅವರು ಬಿಟ್ಟುಹೋದ ಬೆಳೆಯನ್ನೂ ಬಾವಿಯನ್ನೂ ಅದೇ ಅಕ್ಕರೆಯಿಂದ ಕಾಪಾಡೋಣವೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.