ಕೀನ್ಯಾ ದೇಶದಲ್ಲಿ ಹತ್ತು ದಿನ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪಂಡಿತರೂ ಕವಿಗಳೂ ನಿಂತು ಮಾತನಾಡಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ಬಿ.ಕಾಂ. ಓದಿ ಜಮಾ ಖರ್ಚು ಬರೆದ ಕೈಗೆ ಭಾಷಣದ ಅಭ್ಯಾಸ ಕಡಿಮೆ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ಆಫ್ರಿಕಾಕ್ಕೆ ಹೋಗಿ ಬಂದಿದ್ದೀರಿ, ಸಿಂಹ ನೋಡಿದ್ದನ್ನಾದರೂ ಹೇಳಿರಿ" ಎಂದರು. ಸಿಂಹ ನೋಡಿದ್ದು ನಿಜ. ಆದರೆ ಈ ಹೊತ್ತು ನಾವು ಮುಖ್ಯವಾಗಿ ಹೇಳಬೇಕೆಂದಿರುವುದು, ನೋಡದೆ ಹಿಂತಿರುಗಿ ಬಂದ ಒಂದು ಜಾಗದ ಸಂಗತಿ.

ನಾವು ಎಂದರೆ ಒಂದೇ ಶಾಖೆಯಲ್ಲಿ ಕೆಲಸ ಮಾಡುವ ಇಬ್ಬರು ಗೆಳೆಯರು, ನಮ್ಮ ನಮ್ಮ ಮನೆಯವರು, ಹತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು. ಒಟ್ಟು ಆರು ಮಂದಿ. ನಾಲ್ಕು ವರ್ಷ ತಿಂಗಳು ತಿಂಗಳೂ ಆರ್.ಡಿ. ಕಟ್ಟಿ ಕೂಡಿಸಿದ ಹಣ. ಊರಿನ ಹಿರಿಯರಿಗೆ ತಿಳಿಸಿದಾಗ, "ಅಷ್ಟು ರೊಕ್ಕದಾಗ ಕಾಶಿ ರಾಮೇಶ್ವರ ಎರಡೂ ಆಗ್ತಿದ್ದವಲ್ಲಪಾ" ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಹುಟ್ಟಿದಂದಿನಿಂದ ಲೋಕಲ್ ಗಾಡಿ ಮತ್ತು ಲಿಫ್ಟು ಮಾತ್ರ ಕಂಡಿರುವ ನಮ್ಮ ಮುಂಬಯಿ ಮಕ್ಕಳಿಗೆ, ಬೆಟ್ಟ ಹತ್ತುವುದು, ಕಾಡಿನಲ್ಲಿ ಸೈಕಲ್ ಹೊಡೆಯುವುದು, ಹೊಳೆಯಲ್ಲಿ ದೋಣಿ ನಡೆಸುವುದು, ಇವನ್ನೆಲ್ಲ ಒಂದೇ ರಜೆಯಲ್ಲಿ ಮಾಡಿಸಬೇಕೆಂಬ ಹಟ ನಮಗಿತ್ತು. ಹೀಗೆ ಕಳೆದ ವರ್ಷದ ದೀಪಾವಳಿ ರಜೆಯಲ್ಲಿ ಹೊರಟೆವು.

ಹೋಗಬೇಕೆನ್ನುವವರಿಗೆ ಉಪಯೋಗವಾದೀತೆಂದು ಸಿದ್ಧತೆಯ ಮಾತು ಎರಡು. 2024ರ ಜನವರಿಯಿಂದ ಕೀನ್ಯಾ ಸರಕಾರ ವೀಸಾ ತೆಗೆದುಹಾಕಿ ಇಟಿಎ ಎಂಬ ಅನುಮತಿಪತ್ರವನ್ನು ಇಂಟರ್‌ನೆಟ್ಟಿನ ಮೂಲಕ ಕೊಡುತ್ತಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪತ್ರ ಪಡೆದಿರತಕ್ಕದ್ದು. ಅದಿಲ್ಲದೆ ಅಲ್ಲಿಂದ ಮರಳಿದವರನ್ನು ನಮ್ಮ ಸರಕಾರವೇ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಇನ್ನೊಂದು, 2017ರ ಆಗಸ್ಟಿನಿಂದ ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ನಮ್ಮ ಮನೆಯವರು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದ ಚಕ್ಕುಲಿ, ಅವಲಕ್ಕಿ, ಶೇಂಗಾ ಚಟ್ನಿಪುಡಿಯನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಬಿಚ್ಚಿ ಡಬ್ಬಿಗೂ ಬಟ್ಟೆಚೀಲಕ್ಕೂ ತುಂಬಬೇಕಾಯಿತು.

ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಯ ಪ್ರಯಾಣ. ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು. ಆದರೂ ಮೊದಲನೆಯ ದಿನವೇ ಫಜೀತಿ. "ನಾಳೆ ಸಾ ಮೋಜಾಕ್ಕೆ ಗಾಡಿ ಬರುತ್ತದೆ" ಎಂದ ಚಾಲಕ. ಸಾ ಮೋಜಾ ಎಂದರೆ ಒಂದು ಗಂಟೆ ಎಂದು ಪುಸ್ತಕ ನೋಡಿ ತಿಳಿದು, ಮಧ್ಯಾಹ್ನವಷ್ಟೇ ಎಂದು ನೆಮ್ಮದಿಯಿಂದ ಮಲಗಿದೆವು. ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ! ಸ್ವಾಹಿಲಿ ಭಾಷೆಯಲ್ಲಿ ದಿನದ ಗಂಟೆಯ ಎಣಿಕೆ ಬೆಳಗಿನ ಆರರಿಂದ ಆರಂಭ. ಆದ್ದರಿಂದ ಏಳು ಗಂಟೆಯೇ ಅವರ ಒಂದು ಗಂಟೆ. ನಮ್ಮ ಅಜ್ಜಂದಿರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದುದು ನೆನಪಾಗಿ, ಮುಖ ತೊಳೆಯದೆಯೇ ನಕ್ಕೆವು.

ಆ ಭಾಷೆಯಲ್ಲಿ ಮಕ್ಕಳು ಕಂಡುಹಿಡಿದ ಮೋಜು ಇನ್ನೂ ಇದೆ. ಅಲ್ಲಿ ಹಣಕ್ಕೆ ಪೇಸಾ, ವಾಹನಕ್ಕೆ ಗಾರಿ, ಅಂಗಡಿಗೆ ದುಕಾ, ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿಯೇ. ವಿಮೆಗೆ ಬಿಮಾ. ಲಕ್ಷಕ್ಕೆ ಲಾಕಿ. ಇದು ಆಕಸ್ಮಿಕವಲ್ಲ. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ತನಕ ಬ್ರಿಟಿಷರು 1896ರಿಂದ 1901ರ ವರೆಗೆ ರೈಲು ಹಾಕಿಸಿದಾಗ ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲಿಯೇ ಮಡಿದರು. ಅವರ ಹಿಂದೆ ಮುಂದೆ ಗುಜರಾತಿ ವರ್ತಕರೂ ಹೋದರು. 1920ರ ವರೆಗೆ ಅಲ್ಲಿ ಚಲಾವಣೆಯಲ್ಲಿದ್ದ ನಾಣ್ಯವೂ ರೂಪಾಯಿಯೇ. ಈಗ ಷಿಲ್ಲಿಂಗು. 2017ರಲ್ಲಿ ಕೀನ್ಯಾ ಸರಕಾರ ಭಾರತ ಮೂಲದ ಆ ಜನರನ್ನು ತನ್ನ ದೇಶದ 44ನೆಯ ಬುಡಕಟ್ಟೆಂದು ಒಪ್ಪಿಕೊಂಡಿತು. ಪರಸ್ಥಳದಲ್ಲಿ ಬಾಳುವ ನಮ್ಮಂಥವರು ಇದನ್ನು ಕೇಳಿದಾಗ ಮನಸ್ಸಿಗೆ ಏನೋ ಆಗುತ್ತದೆ.

ಬ್ಯಾಂಕಿನವರಾದ ನಮ್ಮನ್ನು ಬೆರಗುಗೊಳಿಸಿದ್ದು ಎಂ-ಪೇಸಾ. 2007ರಿಂದ ಅಲ್ಲಿನ ಜನ ಮೊಬೈಲ್ ಫೋನಿನಲ್ಲಿಯೇ ಹಣ ಕಳಿಸುತ್ತಾರೆ. ಬಾಳೆಹಣ್ಣಿನ ಬುಟ್ಟಿಯ ಅಜ್ಜಿಯೂ ಅದರಲ್ಲಿಯೇ ಹಣ ತೆಗೆದುಕೊಂಡಳು. ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ ಎಂಬುದನ್ನು ತಾವು ನೆನೆಯಬೇಕು.

ಮೊದಲು ಸಗಾನಾ ಎಂಬಲ್ಲಿ ತಾನಾ ನದಿಯ ಮೇಲೆ ರಬ್ಬರ್ ದೋಣಿಯ ವಿಹಾರ. ನೀರು ಕಲ್ಲಿಗೆ ಬಡಿದು ಹಾರುವುದನ್ನು ಕಂಡು ಗಂಡಸರಿಬ್ಬರೂ "ಮಕ್ಕಳನ್ನು ನೋಡಿಕೊಳ್ಳುವವರು ಬೇಕಲ್ಲ" ಎಂದು ದಡದಲ್ಲಿ ಉಳಿದೆವು. ಮನೆಯವರಿಬ್ಬರೂ ಹುಟ್ಟು ಹಿಡಿದು ಹೋಗಿ, ಎರಡು ಸಲ ನೀರು ಕುಡಿದು, ನಗುತ್ತ ಬಂದರು. ಈ ವಿಷಯದಲ್ಲಿ ಹೆಚ್ಚು ಹೇಳದಿರುವುದೇ ಲೇಸು.

ಅನಂತರ ನೈವಾಷಾ. ನೈರೋಬಿಯಿಂದ ಸುಮಾರು 90 ಕಿಲೋಮೀಟರ್. ದಾರಿಯಲ್ಲಿ ನೆಲ ಒಮ್ಮೆಲೆ ಕುಸಿದಂತೆ ರಿಫ್ಟ್ ಕಣಿವೆ ತೆರೆದುಕೊಳ್ಳುತ್ತದೆ. ನೈವಾಷಾ ಸರೋವರ 1,884 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಎಲ್ಲಕ್ಕೂ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮಟ್ಟದಲ್ಲಿ ಒಂದು ದೊಡ್ಡ ಕೆರೆ ಇದ್ದ ಹಾಗೆ! 2020ರಿಂದೀಚೆಗೆ ನೀರು ಏರಿ ದಡದ ಮನೆಗಳೂ ಮರಗಳೂ ಮುಳುಗಿವೆ; ಸತ್ತು ನಿಂತ ಮರಗಳ ನಡುವೆ ನಮ್ಮ ದೋಣಿ ಸಾಗಿತು. ರಾತ್ರಿ ಡೇರೆಯಲ್ಲಿ ಮಲಗಿದ್ದಾಗ, ಮೇಯಲು ದಡಕ್ಕೆ ಬಂದ ನೀರಾನೆಗಳು ಬೇಲಿಯಾಚೆ ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು. ನೀರಾನೆಗೂ ನೀರಿಗೂ ನಡುವೆ ಮನುಷ್ಯ ಎಂದೂ ನಿಲ್ಲಕೂಡದಂತೆ. ಆ ರಾತ್ರಿ ಡೇರೆಯಿಂದ ಯಾರೂ ಹೊರಬೀಳಲಿಲ್ಲ.

ಮರುದಿನ ಲಾಂಗೊನಾಟ್ ಬೆಟ್ಟ. ಇದು ತಣ್ಣಗಾದ ಜ್ವಾಲಾಮುಖಿ; ಎತ್ತರ 2,776 ಮೀಟರ್. ಬೂದಿಮಣ್ಣಿನ ದಾರಿ, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ನಮ್ಮ ಮಾರ್ಗದರ್ಶಿ ಒಬ್ಬ ಮಾಸಾಯಿ ತರುಣ, ಮಿತಭಾಷಿ. "ಪೋಲೆ ಪೋಲೆ" ಎನ್ನುತ್ತಿದ್ದ. ನಿಧಾನ, ನಿಧಾನ ಎಂದು ಅರ್ಥ. ಅವನ ಮಾತಿನಂತೆ ನಡೆದುದರಿಂದ ಮಕ್ಕಳೂ ಅಂಚು ತಲುಪಿದರು. ಮೇಲೆ ನಿಂತು ಒಳಗೆ ಇಣುಕಿದರೆ, ಬೆಂಕಿ ಕಾರಿದ ಬಾಯಿಯ ತುಂಬ ಹಸುರು ಕಾಡು. ಅಂಚಿನ ಸುತ್ತಳತೆ ಏಳು ಕಿಲೋಮೀಟರಿಗೂ ಹೆಚ್ಚು. ಸುತ್ತು ಹಾಕುವ ಶಕ್ತಿ ನಮಗಿರಲಿಲ್ಲ; ಕುಳಿತು ಅವಲಕ್ಕಿ ತಿಂದು ಇಳಿದೆವು.

ಇನ್ನು ಮುಖ್ಯ ವಿಷಯ. ಮೂರನೆಯ ದಿನ ಹೆಲ್ಸ್ ಗೇಟ್, ಅರ್ಥಾತ್ ನರಕದ ಬಾಗಿಲು, ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. 1984ರಲ್ಲಿ ಸ್ಥಾಪಿಸಿದ್ದು. ಅಲ್ಲಿ ಕಾಡುಪ್ರಾಣಿಗಳ ನಡುವೆ ಸೈಕಲ್ ಮೇಲೂ ಕಾಲ್ನಡಿಗೆಯಲ್ಲೂ ಹೋಗಲು ಅಪ್ಪಣೆಯಿದೆ. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಮಣ್ಣಿನ ರಸ್ತೆ, ಪಕ್ಕದಲ್ಲಿ ಪಟ್ಟೆಕುದುರೆಗಳು. ಜಿರಾಫೆಯೊಂದು ಕತ್ತು ತಿರುಗಿಸಿ ನಮ್ಮನ್ನು ನೋಡಿತು. ಮಕ್ಕಳು ಗಂಟೆ ಬಾರಿಸುತ್ತ ಮುಂದೆ, ನಾವು ಏದುತ್ತ ಹಿಂದೆ. ದೂರದಲ್ಲಿ ಓಲ್ಕಾರಿಯಾದ ಬಿಳಿ ಹಬೆ ಮೇಲೇಳುತ್ತಿತ್ತು. ಅಲ್ಲಿ 1981ರಿಂದ ನೆಲದೊಳಗಿನ ಹಬೆಯಿಂದ ವಿದ್ಯುತ್ತನ್ನು ತೆಗೆಯುತ್ತಾರೆ.

ರಸ್ತೆಯ ಕೊನೆಯಲ್ಲಿ ಕಿರಿದಾದ ಕಮರಿ. ನೀರು ಕೊರೆದ ಬಂಡೆಯ ಸಂದಿಗಳಲ್ಲಿ ಇಳಿದು ನಡೆಯುವುದೇ ಆ ದಿನದ ಮುಖ್ಯ ಸಾಹಸ. ಅದಕ್ಕಾಗಿಯೇ ನಾವು ಬಂದದ್ದು. ನಮ್ಮ ತಲೆಯ ಮೇಲೆ ಚೆನ್ನಾದ ಬಿಸಿಲು. ಮಾರ್ಗದರ್ಶಿ ಮಾತ್ರ ದೂರದ ಗುಡ್ಡಗಳ ಕಡೆ ನೋಡುತ್ತ ನಿಂತ. ಅಲ್ಲಿ ಮೋಡ ಕಪ್ಪಾಗಿತ್ತು. ಆಮೇಲೆ, "ಹಪಾನಾ" ಎಂದ. ಬೇಡ ಎಂದು. "ಹತಾರಿ" ಎಂದೂ ಹೇಳಿದ. ಅದಕ್ಕೆ ಅರ್ಥ ಕೇಳಬೇಕಾಗಲಿಲ್ಲ. ನಮ್ಮಲ್ಲಿ ವಿದ್ಯುತ್ ಕಂಬಗಳ ಮೇಲೆ ಬರೆದಿರುವ 'ಖತರಾ' ಅದೇ ಮಾತು.

ನಾವು ಒಪ್ಪಲಿಲ್ಲ. ಇಲ್ಲಿ ಹನಿ ಮಳೆ ಇಲ್ಲವಲ್ಲ ಎಂದೆವು. ನಾಲ್ಕು ವರ್ಷ ಹಣ ಕೂಡಿಸಿ ಬಂದಿದ್ದೇವೆ ಎಂದೆವು. ನಮ್ಮಲ್ಲೊಬ್ಬರು, ಇವನಿಗೆ ನಡೆಯಲು ಸೋಮಾರಿತನ ಎಂದು ಕನ್ನಡದಲ್ಲಿ ಆಡಿಯೂ ಬಿಟ್ಟರು. ಕೊನೆಗೆ, ನೀನು ಬರದಿದ್ದರೆ ನಿನ್ನ ಕೂಲಿ ಇಲ್ಲ ಎಂದೆವು. ಅವನು ಸಿಟ್ಟಾಗಲಿಲ್ಲ. "ಸರಿ, ಕೂಲಿ ಬೇಡ. ಆದರೆ ಮಕ್ಕಳನ್ನು ಇಳಿಸಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಮಳೆ ಮೇಲಿನ ಗುಡ್ಡದಲ್ಲಿ ಬೀಳುತ್ತದೆ, ನೀರು ಬಿಸಿಲಿದ್ದಲ್ಲಿಗೇ ಬಂದು ಅಪ್ಪಳಿಸುತ್ತದೆ, ಏರಿ ಬರಲು ದಾರಿಯಿರುವುದಿಲ್ಲ ಎಂದ. 2019ರ ಸೆಪ್ಟೆಂಬರಿನಲ್ಲಿ ಅದೇ ಕಮರಿಯಲ್ಲಿ ಹಠಾತ್ತನೆ ನುಗ್ಗಿದ ಪ್ರವಾಹದಲ್ಲಿ ಏಳು ಮಂದಿ ಸತ್ತಿದ್ದರು. ಸತ್ತವರಲ್ಲಿ ಒಬ್ಬ ಮಾರ್ಗದರ್ಶಿಯೂ ಇದ್ದ. ಅವನು ಆ ಮಾತು ಹೇಳಿ ಮುಗಿಸಿದ ಮೇಲೆ ನಮ್ಮ ಹುಡುಗಿ, "ಕಾಕಾ, ಹೋಗೋಣು ಬ್ಯಾಡ" ಎಂದಳು. ಸೈಕಲ್ ತಿರುಗಿಸಿದೆವು. ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ.

ಆ ಸಂಜೆ ಡೇರೆಯ ಮೇಲೆ ಮಳೆ ಸುರಿಯಿತು. ಬೆಳಿಗ್ಗೆ ಅವನನ್ನು ಹುಡುಕಿಕೊಂಡು ಉದ್ಯಾನದ ಬಾಗಿಲಿಗೆ ಹೋದೆವು. "ನಿನ್ನೆ ಕಮರಿಗೆ ನೀರು ಬಂತೇ?" ಎಂದು ಕೇಳಿದೆವು. ಅವನು ಹೇಳಿದ: "ಗೊತ್ತಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲ. ಅದು ಒಳ್ಳೆಯದೇ ಆಯಿತು." ಕೂಲಿಯನ್ನು ಮುಂದೆ ಹಿಡಿದೆವು. ಅಲ್ಲಿ ಲಂಚಕ್ಕೂ ಚಾಯ್ ಎಂದೇ ಹೆಸರು, ನಮ್ಮಲ್ಲಿ ಚಹಾಪಾನಿ ಎಂದ ಹಾಗೆ. ಅವನು ನಕ್ಕು, "ಚಾಯ್ ಬೇಡ, ಚಾಯ್ ಕುಡಿಯೋಣ" ಎಂದ. ಪಕ್ಕದ ಗುಡಿಸಲಿನಲ್ಲಿ ಹಾಲಿನಲ್ಲೇ ಕುದಿಸಿದ ಚಹಾ ಕುಡಿದೆವು. ಬಹಳ ಹೇಳಿದ ಮೇಲೆ ಕೂಲಿ ತೆಗೆದುಕೊಂಡ.

ಮುಂದೆ ಮಾಸಾಯಿ ಮಾರಾದಲ್ಲಿ ಸಿಂಹ, ಆನೆ, ಚಿರತೆ ಎಲ್ಲವನ್ನೂ ಕಂಡೆವು. ಬೆಲೂನಿನಲ್ಲಿ ಹಾರುವ ದರ ಕೇಳಿ ನೆಲದ ಮೇಲೆಯೇ ಉಳಿದೆವು. ಅದೆಲ್ಲದರ ಚಿತ್ರಗಳನ್ನು ಸಭೆಯ ಅನಂತರ ತೋರಿಸುತ್ತೇವೆ. ಆದರೆ ವಿಮಾನದಲ್ಲಿ ಕುಳಿತಾಗ ನೆನಪಿಗೆ ಬಂದದ್ದು ಸಿಂಹವಲ್ಲ.

ಬಂಧುಗಳೆ, ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಹಿರಿಯರು ಅವಧಿ ಮುಗಿದ ಠೇವಣಿಯನ್ನು ನವೀಕರಿಸಲು ನಮ್ಮ ಕೌಂಟರಿಗೆ ಬಂದಿದ್ದರು. ತಿಂಗಳ ಕೊನೆ, ಗುರಿ ಮುಟ್ಟಬೇಕಾಗಿತ್ತು. ವರ್ಷ ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯ ಫಾರ್ಮನ್ನು ಅವರ ಮುಂದಿಟ್ಟೆವು. ಅವರು ಕೇಳಿದ್ದು ಒಂದೇ: "ನೀವು ನಮ್ಮವರು, ಕನ್ನಡದವರು. ಇದು ನನಗೆ ಬೇಕೇನಪ್ಪಾ?" ಬೇಡ ಎಂಬುದು ನಮಗೆ ಗೊತ್ತಿತ್ತು. ನಾವು ಹೇಳಲಿಲ್ಲ. ಎರಡನೆಯ ಕಂತಿಗೆ ಅವರ ಹತ್ತಿರ ಹಣವಿರಲಿಲ್ಲ.

ದಿನದ ಕೂಲಿಯ ಮೇಲೆ ಮನೆ ನಡೆಸುವ ಆ ತರುಣ, ಕೂಲಿ ಹೋಗುವುದೆಂದು ತಿಳಿದೂ ಹಪಾನಾ ಎಂದ. ತಿಂಗಳ ಸಂಬಳ ತಪ್ಪದೆ ಬರುವ ನಮಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಬಂದ ಲಾಭಕ್ಕೆ ನಮ್ಮ ಲೆಡ್ಜರಿನಲ್ಲಿ ಜಾಗವಿದೆ. ತಪ್ಪಿಸಿದ ನಷ್ಟವನ್ನು ಬರೆದಿಡಲು ಅದರಲ್ಲಿ ಒಂದು ಸಾಲೂ ಇಲ್ಲ.

ಊರಿಗೆ ಮರಳಿದ ವಾರವೇ ಆ ಹಿರಿಯರ ಮನೆಗೆ ಹೋದೆವು. ಪಾಲಿಸಿಯಿಂದ ಅವರಿಗೆ ಮರಳಿ ಬರತಕ್ಕ ಮೊತ್ತ ಅಲ್ಪ. ಅದಕ್ಕೆ ಬೇಕಾದ ಕಾಗದಪತ್ರಗಳನ್ನು ನಾವೇ ಬರೆದೆವು. ತಪ್ಪು ನಮ್ಮದೆಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಕೂಗಿ ನಮಗೆ ಚಹಾ ತರಿಸಿದರು.

ಮಕ್ಕಳನ್ನು ಕರೆದುಕೊಂಡು ತಾವೂ ಹೋಗಿ ಬನ್ನಿ; ದೇಶ ಚೆಲುವಾಗಿದೆ, ಜನ ಸಜ್ಜನರು. ಬೆಟ್ಟ ಹತ್ತಿರಿ, ಸೈಕಲ್ ಹೊಡೆಯಿರಿ. ಮಾರ್ಗದರ್ಶಿ ಬೇಡ ಎಂದ ಕಡೆಯಿಂದ ಸೈಕಲ್ ತಿರುಗಿಸಿರಿ.